ಚುಚ್ಚಲ್ಲ ಅಂದಿದ್ದೆ

ಮನೆಯಿಂದ, ಬುಧವಾರ, ಹನ್ನೊಂದನೇ ತಾರೀಕು

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ತರಬೇತಿಯಲ್ಲಿ ದಿನವಿಡೀ ನಿಂತೇ ಇರಬೇಕು ಎಂದಿದ್ದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಟ್ಟಿಯ ಜ್ವರ ಇಳಿದಿದೆ, ಗಾಬರಿಯಾಗಬೇಡ.

ನಿನ್ನೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಿನ್ನ ಮಗಳದು ಗೊತ್ತಲ್ಲ, ಹಿಡಿದರೆ ಉಡದ ಪಟ್ಟು. ತೂಕದ ಯಂತ್ರದ ಮೇಲೆ ನಾನು ನಿಂತು ತೋರಿಸಿದ ಮೇಲೇ ಅವಳು ಹತ್ತಿದ್ದು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಡಲು ಬಂದರೆ, "ಮೊದ್ಲು ನಿಮ್ಮದು ಕೇಳಿಸಿ" ಎಂದಳು. ಪುಣ್ಯಾತ್ಮ, ಕೇಳಿಸಿದರು. "ನಿಮ್ಮದು ಓಡ್ತಾ ಇದೆ, ನೀರು ಕುಡೀರಿ" ಎಂದು ಅವರಿಗೇ ಮದ್ದು ಹೇಳಿದಳು! ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಬೆಂಚಿನ ಮೇಲೆ ಕೂತವಳು ನನ್ನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು, "ತಾತಾ, ಚುಚ್ತಾರಾ?" ಎಂದಳು. ನಲವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತು, ಬಟ್ಟೆಗೆ ಕತ್ತರಿಯೇ ಹಾಕದೆ "ನಾಳೆ ರೆಡಿ" ಎಂದ ನಾಲಿಗೆ ಇದು. "ಇಲ್ಲಮ್ಮಾ, ಬರೀ ಬೆರಳು ನೋಡ್ತಾರೆ" ಎಂದುಬಿಟ್ಟೆ. ನಂಬಿದಳು. ತಾನೇ ಕುರ್ಚಿ ಹತ್ತಿ ಬೆರಳು ಚಾಚಿದಳು.

ಚುಚ್ಚಿದಾಗ ಅಳಲಿಲ್ಲ. ಸೂಜಿಯನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆ. ಆ ನೋಟಕ್ಕೆ ಏನು ಮಾಡಲಿ? ದಾರಿಯುದ್ದಕ್ಕೂ ಕೈ ಕೊಡದೆ ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದು "ತಪ್ಪಾಯ್ತು ಕಣಮ್ಮ" ಎಂದೆ. "ಹೇಳಿದ್ರೆ ಗಟ್ಟಿಯಾಗಿ ಕೂತ್ಕೋತಿದ್ದೆ" ಎಂದಳು. ಕೂರುತ್ತಿದ್ದಳು ಕಣೇ. ಹೆದರಿದ್ದವನು ನಾನು, ನಾಲ್ಕು ಜನರೆದುರು ಹಟ ಹಿಡಿದರೆ ಹೇಗೆ ಸಂಭಾಳಿಸಲಿ ಎಂದು. ಚಿಕ್ಕವಳಿದ್ದಾಗ ನಿನಗೂ ಹೀಗೇ ಎಷ್ಟು ಸಲ ಸುಳ್ಳು ಹೇಳಿದ್ದೆನೋ, ನೆನೆದರೆ ಸಂಕಟವಾಗುತ್ತದೆ.

ಇಂದು ಬೆಳಿಗ್ಗೆ ಔಷಧದ ಚಮಚ ಹಿಡಿದು "ಸಿಹಿಯಾಗಿದೆ" ಎಂದೆ. ನಿಜವಾಗಿಯೂ ಸಿಹಿಯೇ. ಆದರೂ ನಾಲಿಗೆಯ ತುದಿ ತಾಗಿಸಿ ನೋಡಿದ ಮೇಲೇ ಕುಡಿದಳು.

ಹೋದ ಕೆಲಸ ಪೂರ್ತಿ ಕಲಿತುಕೊಂಡೇ ಬಾ, ತಾಯಿ. ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ

ಮರುಬರಹ: "ಮರೆತಿದ್ದೆ" ಎಂದು ಬರೆಯಹೊರಟೆ, ಅದೂ ಸುಳ್ಳೇ, ಇದನ್ನು ಬರೆಯಲು ಧೈರ್ಯ ಬಂದಿರಲಿಲ್ಲ. ನೀನು ಹೋದಾಗಿನಿಂದ "ಅಮ್ಮ ಈ ಭಾನುವಾರ ಬರ್ತಾಳೆ" ಎಂದೇ ಅವಳಿಗೆ ಹೇಳುತ್ತ ಬಂದಿದ್ದೇನೆ. ಐದು ಭಾನುವಾರ ಕಳೆದವು. ಇಂದು ಔಷಧ ಕುಡಿದು ಬಾಯಿ ಒರೆಸಿಕೊಳ್ಳುತ್ತ, "ಅದೂ ಸುಳ್ಳಾ ತಾತಾ?" ಎಂದಳು. ಹೌದು ಎಂದೆ. ಇನ್ನೂ ಎರಡು ತಿಂಗಳಿದೆ ಎಂಬುದನ್ನು ನೀನೇ ಹೇಳಬೇಕು. ಪತ್ರದಲ್ಲಿ ಬೇಡ, ಓದಿ ಹೇಳುವವನು ನಾನೇ ಆಗುತ್ತೇನೆ. ಹೇಗಾದರೂ ಮಾಡಿ ಒಂದು ಫೋನ್ ಮಾಡು.