ಅತಿಥಿಗೆಂದು ಉರಿಸಿದ ಒಲೆ

ಕಾರಾ-ಟೆರೆಕ್ ಗ್ರಾಮ
ಜನವರಿ ೧೯

ಜಿಲ್ಲಾ ಅನುದಾನ ಕಚೇರಿಯ ಎಮಿಲ್ಬೆಕ್ ಅವರಿಗೆ ಸಲಾಂ.

ಶಾಲೆಯ ಗೋಡೆ, ಕಿಟಕಿಗಳಿಂದ ಶಾಖ ಸೋರದಂತೆ ದುರಸ್ತಿ ಮಾಡಿಸಲು ನಾವು ಕೇಳಿದ್ದ ಅನುದಾನವನ್ನು ನೀವು ನಿರಾಕರಿಸಿದ ಪತ್ರ ತಲುಪಿತು. ‘ತರಗತಿಯಲ್ಲಿ ಇಪ್ಪತ್ತೆರಡು ಡಿಗ್ರಿ ಇದೆ, ದುರಸ್ತಿ ಅನಗತ್ಯ’ ಎಂದು ಬರೆದಿದ್ದೀರಿ. ನೀವು ಅಳೆದದ್ದು ಸುಳ್ಳಲ್ಲ. ತಪ್ಪು ನಮ್ಮದೇ.

ನೀವು ಬರುವ ಹಿಂದಿನ ದಿನ, ಶಾಲೆಯ ಒಲೆ ನೋಡಿಕೊಳ್ಳುವ ಅಸಾನ್‌ಕುಲ್ ಅಜ್ಜ ಮನೆಮನೆಗೂ ಹೋಗಿ, “ಊರಿಗೆ ಬಂದೋರನ್ನ ನಡುಗಿಸಿ ಕಳಿಸ್ತೀರೇನ್ರೋ? ಮರ್ಯಾದೆ ಇದ್ರೆ ಒಂದೊಂದು ಮೂಟೆ ಬೆರಣಿ ತಂದು ಹಾಕ್ರೋ” ಅಂದ. ತಂದು ಹಾಕಿದರು. ತಿಂಗಳಿಗಾಗುವ ಉರುವಲು ಒಂದೇ ದಿನದಲ್ಲಿ ಬೂದಿಯಾಯಿತು. ಬಿರುಕುಬಿಟ್ಟ ಕಿಟಕಿಗಳಿಗೆ ಹೆಂಗಸರು ಮನೆಯ ಉಣ್ಣೆಗಂಬಳಿಗಳನ್ನು ಅಡ್ಡ ಕಟ್ಟಿದರು. ನೀವು ಅವುಗಳ ಚಿತ್ತಾರ ಹೊಗಳಿದಿರಿ. ನೀವು ಕೋಟು ಬಿಚ್ಚಿದಾಗ ಊರಿಗೆ ಊರೇ ಹಿಗ್ಗಿತು.

ಇವತ್ತು ಬೆಳಿಗ್ಗೆ ಅದೇ ತರಗತಿಯಲ್ಲಿ ನಾಲ್ಕು ಡಿಗ್ರಿ ಇತ್ತು. ಮಕ್ಕಳು ಪೆನ್ನನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಬರೆಯುತ್ತಿದ್ದಾರೆ.

ಇನ್ನೊಮ್ಮೆ ಬಂದು ಅಳೆಯಿರಿ. ಮುಂಚಿತವಾಗಿ ಹೇಳಬೇಡಿ. ಚಹಾ ಬಿಸಿಯಾಗಿರುತ್ತದೆ, ಅದೊಂದೇ. “ಊರಿನ ಮಾನ ಕಳೀತೀಯಲ್ಲೇ ತಾಯಿ!” ಎಂದು ಅಜ್ಜ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಉರುವಲು ಕೋಣೆಯ ಬೀಗದ ಕೈ ಈಗ ನನ್ನ ಜೇಬಿನಲ್ಲಿದೆ.

ಈ ಸಲ ನಿಮ್ಮನ್ನು ಚೆನ್ನಾಗಿ ನಡುಗಿಸಿಯೇ ಕಳಿಸುತ್ತೇನೆ.

ನಿಮ್ಮ ದಾರಿ ಕಾಯುತ್ತಿರುವ,
ಜುರಾಕಾನ್
ಗ್ರಾಮಾಡಳಿತದ ಅಧ್ಯಕ್ಷೆ