ದಿನವೂ ಎಂಟು ಗಂಟೆ

ಮೇಟ್ರನ್ ಮೇಡಂ ಅವರಿಗೆ ವಂದನೆಗಳು.

ವಾರಕ್ಕೆ ಮೂರೇ ದಿನ, ಹನ್ನೆರಡು ಗಂಟೆಯ ಹೊಸ ಡ್ಯೂಟಿಗೆ ಉಳಿದ ನರ್ಸ್‌ಗಳೆಲ್ಲ ಒಪ್ಪಿ ಕೈ ಎತ್ತಿದರು. ಮಕ್ಕಳೊಂದಿಗರು, ಅವರ ಆಸೆ ನ್ಯಾಯವೇ. ನನಗೆ ಮಾತ್ರ ಹಳೆಯ ಎಂಟು ಗಂಟೆಯ ಡ್ಯೂಟಿಯನ್ನೇ ಕೊಡಿ, ದಿನವೂ ಬರುತ್ತೇನೆ. ಗೋಡೆ ನೋಡುತ್ತಾ ಕೂರುವುದಕ್ಕೆ ನಾಲ್ಕು ದಿನ ರಜೆ ಯಾಕೆ?

ಮಾತ್ರೆ ಕೊಡುವ ಮೊದಲು ಎಲ್ಲರನ್ನೂ "ಊಟ ಆಯ್ತಾ?" ಎಂದು ಕೇಳುತ್ತೇನಲ್ಲ, ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ಉತ್ತರ ಕೊಡುವುದೇ ಇಲ್ಲ. "ಮೊದ್ಲು ನಿಂದಾಯ್ತೇನೇ, ಹೇಳು" ಎಂದು ಗದರುತ್ತಾರೆ. ಇಲ್ಲವೆಂದರೆ ಮಾತ್ರೆ ನುಂಗುವುದಿಲ್ಲ. ಹಾಗಾಗಿ ಡ್ಯೂಟಿಯ ದಿನ ತಪ್ಪದೆ ಉಣ್ಣುತ್ತೇನೆ. ಮೊನ್ನೆ ರಜೆಯ ದಿನ ಸಂಜೆ ತಲೆ ಸುತ್ತಿದಾಗಲೇ, ಬೆಳಗಿನಿಂದ ಒಲೆ ಹಚ್ಚಿಲ್ಲವೆಂಬುದು ನೆನಪಾಯಿತು.

ಇದನ್ನೆಲ್ಲ ಆಫೀಸಿನಲ್ಲಿ ಹೇಳಬೇಡಿ. ಕಾರಣ ಕೇಳಿದರೆ ಕಾಲುನೋವು ಅನ್ನಿ.

ಇಂತಿ ತಮ್ಮ ವಿಧೇಯ,
ಹೆಂಗಸರ ವಾರ್ಡಿನ ಸಿಸ್ಟರ್