ಹೆಸರು ಕೇಳುವ ಫೋನು

ಕೊಟ್ಟೂರು
೨೯-೧೦-೨೦೦೭, ಸೋಮವಾರ

ಪ್ರೀತಿಯ ಇವರಿಗೆ,

ಶಾಂಭವಿಯ ನಮಸ್ಕಾರಗಳು. ಆರೋಗ್ಯವಾಗಿದ್ದೀರಾ? ಗದಗಿನ ಕಡೆಯ ಆ ಗುಡ್ಡದ ಮೇಲೆ ಗಾಳಿ ಬಲು ಜೋರು ಎಂದಿದ್ದಿರಿ. ನಾನು ಕೊಟ್ಟು ಕಳಿಸಿದ ಮಫ್ಲರನ್ನು ಕಿವಿಗೆ ಕಟ್ಟಿಕೊಳ್ಳುತ್ತೀರೋ, ಇಲ್ಲಾ ನೀವು ಎಬ್ಬಿಸಿ ನಿಲ್ಲಿಸುತ್ತಿರುವ ಗಾಳಿಯಂತ್ರದ ರೆಕ್ಕೆಗೆ ಕಟ್ಟಿ ಮೆರೆಸುತ್ತಿದ್ದೀರೋ? ಕೆಮ್ಮು ಹೋಯಿತೇ? ಮೆಸ್ಸಿನ ಸಾರಿನಲ್ಲಿ ಬೇಳೆ ಏನಾದರೂ ದರ್ಶನ ಕೊಟ್ಟಿತೇ? ಇಲ್ಲಿ ನಾವೆಲ್ಲ ಕ್ಷೇಮ. ಅತ್ತೆಗೆ ಮೊಣಕಾಲು ನೋವೊಂದು ಬಿಟ್ಟರೆ ಗಂಟಲು, ನೆನಪು, ಸಿಟ್ಟು ಎಲ್ಲ ಗಟ್ಟಿಯಾಗಿವೆ. ನಿಮ್ಮ ಮಗಳು ಚಿನ್ನಿ ಮಗ್ಗಿಯಲ್ಲಿ ಏಳರವರೆಗೆ ಬಂದು ಅಲ್ಲೇ ಬಿಡಾರ ಹೂಡಿದ್ದಾಳೆ.

ಫೋನಿದ್ದೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ, ಆ ಕಥೆಗೆ ಬರುತ್ತೇನೆ. ಮೊದಲು ನೀವು ರಜೆಗೆ ಬಂದಾಗಲೆಲ್ಲ ಒಂದೊಂದಾಗಿ ತಂದು ಮನೆಗೆ ಜೋಡಿಸಿದ ಯಂತ್ರಪರಿವಾರದ ಕ್ಷೇಮಸಮಾಚಾರ ಹೇಳಬೇಕು. ಈಗ ಅವೂ ಮನೆಯ ಮಂದಿಯೇ. ಬಾಗಿಲ ಮೇಲಿನ ದೀಪ, ಅದೇ, ಯಾರಾದರೂ ಎದುರು ಬಂದರೆ ತಾನೇ ಹೊತ್ತಿಕೊಳ್ಳುವಂಥದ್ದು, ಕರ್ತವ್ಯದಲ್ಲಿ ಒಂದು ದಿನವೂ ಲೋಪ ಮಾಡಿಲ್ಲ. ಮನುಷ್ಯರು, ಪ್ರಾಣಿಗಳು ಎಂಬ ಭೇದವೂ ಅದಕ್ಕಿಲ್ಲ. ಹಾಲಿನ ಎರ್ರೆಮ್ಮನ ಆಡು ಬಂದರೂ ಅದೇ ಮರ್ಯಾದೆ. ಅತ್ತೆಯ ಪಾಲಿಗೋ ದೀಪ ಹೊತ್ತಿತೆಂದರೆ ಬೀಗರು ಬಂದಂತೆ. ‘ಶಾಂಭವೀ, ಯಾರೋ ಬಂದಾರ, ಕಾಲಿಗೆ ನೀರು ತಗೊಂಡ್ ಬಾ’ ಎಂದು ಒಳಗಿಂದಲೇ ಅಪ್ಪಣೆ. ನಾನು ಚೆಂಬು ಹಿಡಿದು ಓಡಿ ಆಡಿನ ಮುಂದೆ ನಿಂತದ್ದು ಒಂದೆರಡು ಸಲವಲ್ಲ. ಈಗೀಗ ಅದು ನೀರು ಕುಡಿಯಲೆಂದೇ ಬರುತ್ತದೆ, ಕುಡಿದು ಬೀಗಿತ್ತಿಯ ಠೀವಿಯಲ್ಲೇ ಹೋಗುತ್ತದೆ.

ಟ್ಯಾಂಕು ತುಂಬಿದ ಕೂಡಲೇ ಹೆಣ್ಣುದನಿಯಲ್ಲಿ ಕೂಗುವ ಡಬ್ಬಿಯ ಕಥೆ ಬೇರೆ. ನಮ್ಮ ಓಣಿಗೆ ನೀರು ಬಿಡುವ ಚಂದ ನಿಮಗೆ ಗೊತ್ತೇ ಇದೆ. ಹೀಗಾಗಿ ಆ ಹೆಣ್ಣುಮಗಳಿಗೆ ಬಾಯಿ ತೆರೆಯುವ ಪ್ರಸಂಗವೇ ಬಂದಿರಲಿಲ್ಲ. ‘ಪಾಪ, ಎಲ್ಲಿಂದಲೋ ಮೂಗಿನ್ನ ತಂದು ಕುಂದ್ರಿಸ್ಯಾನ’ ಎಂದು ಅತ್ತೆ ಕನಿಕರಪಡುತ್ತಿದ್ದರು. ಹೋದ ವಾರ ಯಾವ ಪುಣ್ಯಾತ್ಮನ ಕೈ ಜಾರಿತೋ, ನೀರು ಧಾರಾಳವಾಗಿ ಬಂದು ಟ್ಯಾಂಕು ತುಂಬಿತು. ಆಕೆ ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಕೂಗಿದಳು. ಓಣಿಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು, ಆದರೂ ಎಲ್ಲರಿಗೂ ಅರ್ಥವಾಯಿತು. ಕೊಡ ಹಿಡಿದು ಸಾಲು ನಿಂತರು. ಮನೆಯಲ್ಲಿ ನೀರಿದೆ ಎಂಬ ಗುಟ್ಟನ್ನು ಬೀದಿಗೆ ಸಾರುವ ಯಂತ್ರಕ್ಕೆ ನೀವೇ ಕೈಯಾರೆ ಮೊಳೆ ಹೊಡೆದಿದ್ದೀರಿ.

ಅತ್ತೆಯ ಮುಂಗೈಗೆ ಕಟ್ಟುವ ಬಿ.ಪಿ. ಯಂತ್ರವಂತೂ ಅವರ ಆಭರಣವಾಗಿದೆ. ದಿನಕ್ಕೊಮ್ಮೆ ನೋಡಿ ಬಿಚ್ಚಿಡಿ ಎಂದು ನೀವು ಹೇಳಿದ್ದೇನೋ ಹೌದು. ಅವರು ಅದನ್ನು ಬಳೆಗಳ ಹಿಂದೆ ಕಡಗದಂತೆ ಧರಿಸಿ, ಜಗಳಕ್ಕೆ ನಿಲ್ಲುವ ಮೊದಲು ಗುಂಡಿ ಒತ್ತುತ್ತಾರೆ. ಅದು ಗುರ್ ಎಂದು ಉಬ್ಬುವ ಹೊತ್ತಿಗೆ ಜಗಳವೂ ಉಬ್ಬಿರುತ್ತದೆ. ಮೊನ್ನೆ ಎರ್ರೆಮ್ಮನಿಗೆ ಅಂಕಿ ತೋರಿಸಿ, ‘ನೋಡಬೇ, ನೀ ಹಾಲಿಗೆ ನೀರು ಹಾಕಿದ್ದಕ್ಕ ನನಗ ಎಷ್ಟು ಏರೇತಿ’ ಎಂದರು. ಆಕೆ ಬಿಡುವವಳೇ? ‘ಅದನ್ನ ನನ್ನ ಕೈಗೂ ಕಟ್ರಿ ಅಮ್ಮಾರ, ನಿಮ್ಮ ಮಾತು ಕೇಳಿ ನನಗೆಷ್ಟು ಏರೇತಿ ನೋಡಾಣು’ ಎಂದು ಕೈ ಚಾಚಿದಳು. ಕಟ್ಟಿದರು. ಆಕೆಯದೇ ಹೆಚ್ಚು ಬಂತು. ಅತ್ತೆ ಸೋತ ಜಗಳ ನಾನು ಈ ಮನೆಗೆ ಬಂದ ಮೇಲೆ ಕಂಡದ್ದು ಅದೊಂದೇ.

ಇವೆಲ್ಲ ಬಡಪಾಯಿಗಳು ಬಿಡಿ. ನನ್ನ ನಿಜವಾದ ವೈರಿ ಎಂದರೆ ಗಣೇಶನ ಹಬ್ಬಕ್ಕೆ ನೀವು ತಂದ ಮೊಬೈಲು ಮತ್ತು ಅದರ ಜೋಡಿ ಕಿವಿಗೆ ಸಿಕ್ಕಿಸುವ ಆ ನೀಲಿ ಮಿಣುಕು. ‘ಏನಬೇ, ಕಿವಿಗೆ ಮಿಣಕಹುಳ ಕುಂತೈತಿ’ ಎಂದು ಅತ್ತೆ ಮೊದಲ ದಿನ ಸೆರಗಿನಿಂದ ಹೊಡೆದೇ ಬಿಟ್ಟಿದ್ದರು. ನೀವು ಅತ್ತ ಹೋದಿರಿ, ಇತ್ತ ಚಿನ್ನಿ ಫೋನನ್ನು ಮಜ್ಜಿಗೆಯ ಗಡಿಗೆಯಲ್ಲಿ ಬೀಳಿಸಿದಳು. ಗುಂಡಿಗಳೆಲ್ಲ ಸತ್ತವು, ಪರದೆ ಬೆಳ್ಳಗಾಯಿತು. ನಿಮ್ಮ ನಂಬರು ಅದರ ಹೊಟ್ಟೆಯೊಳಗೇ ಉಳಿಯಿತು. ಹೀಗಾಗಿ ಬೂತಿಗೆ ಹೋಗಿ ಮಾತಾಡುವ ದಾರಿಯೂ ಮುಚ್ಚಿತು. ಬದುಕಿ ಉಳಿದದ್ದು ಕಿವಿಯ ಯಂತ್ರ ಮಾತ್ರ. ಅದನ್ನು ಒತ್ತಿ ಯಾರ ಹೆಸರು ಹೇಳಿದರೆ ಅವರಿಗೆ ಫೋನು ಹತ್ತುತ್ತದೆ. ಹೆಸರು ಹೇಳದಿದ್ದರೆ ಇಲ್ಲ.

ಇದು ತಿಳಿದದ್ದೇ ತಡ, ಸಿಕ್ಕಿತಲ್ಲ ನಿಮಗೆ ಸಂಧಿ! ಕೊನೆಯ ಸಲ ನೀವಾಗಿಯೇ ಫೋನು ಮಾಡಿದಾಗ ಆಡಿದ ಮಾತು ನನಗೆ ಬಾಯಿಪಾಠವಾಗಿದೆ. ‘ಇಲ್ಲೆ ಎಲ್ಲಾರೂ ನನ್ನ ಏ ಕೊಟ್ಟೂರು, ಏ ಕೊಟ್ಟೂರು ಅಂತ ಕರೀತಾರ. ಹೆಸರು ಹಿಡಿದು ಕರಿಯೋರು ಒಬ್ಬರೂ ಇಲ್ಲ. ನೀನರ ಒಮ್ಮೆ ಕರಿ. ದೀವಳಿಗಿ ಅಮಾಸಿಯೊಳಗ ನನ್ನ ಹೆಸರು ಹೇಳಿ ಬರ್ರಿ ಅಂದ್ರ, ಈ ಕೆಲಸ ಬಿಟ್ಟು ಬಂದು ನಮ್ಮ ಮೋಟಾರ್ ರಿಪೇರಿ ಅಂಗಡಿ ತಗೀತೀನಿ. ಇಲ್ಲಂದ್ರ ಇಲ್ಲೇ ಇನ್ನೊಂದು ವರ್ಷಕ್ಕ ಸಹಿ ಹಾಕ್ತೀನಿ.’ ಅಷ್ಟು ಹೇಳಿ ಇಟ್ಟವರು ಮತ್ತೆ ಫೋನು ಮಾಡಿಲ್ಲ. ಎಂಥ ನ್ಯಾಯವಂತರು! ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದನ್ನೆಲ್ಲ ನಾನು ನಂಬುವವಳಲ್ಲ. ಆದರೆ ಪರೀಕ್ಷೆ ಮಾಡಿ ನೋಡುವ ಧೈರ್ಯವೂ ನನಗಿಲ್ಲ. ನಿಮಗಿರುವುದು ಒಂದೇ ಆಯುಷ್ಯ.

ಉಪಾಯ ಮಾಡಿದೆ. ಚಿನ್ನಿಯ ಕಿವಿಗೆ ಸಿಕ್ಕಿಸಿ ಹೇಳೇ ಎಂದರೆ, ‘ನಾ ಹೇಳಂಗಿಲ್ಲ, ನೀನ ಹೇಳಬೇಕಂತ ಅಪ್ಪ ಹೇಳ್ಯಾನ’ ಎಂದು ಓಡಿದಳು. ಏನು ಲಂಚ ಕೊಟ್ಟಿದ್ದೀರಿ ಆಕೆಗೆ? ಆಮೇಲೆ ಅತ್ತೆ ತಾವೇ ಮುಂದೆ ಬಂದರು. ಹೆತ್ತವರಿಗೆ ಯಾವ ನಿರ್ಬಂಧ? ಆದರೆ ಅವರು ನಿಮ್ಮನ್ನು ಜನ್ಮದಲ್ಲಿ ಪೂರ್ತಿ ಹೆಸರಿನಿಂದ ಕರೆದದ್ದುಂಟೇ? ಮೊದಲೊಂದು ‘ಲೇ’, ಆಮೇಲೆ ಅರ್ಧ ಹೆಸರು, ಬಾಲಕ್ಕೊಂದು ಬೈಗುಳ. ಆ ಅರ್ಧವೋ ನಮ್ಮೂರ ದೇವರದು. ಊರಿನ ಅರ್ಧ ಗಂಡಸರೂ ಕಾಲು ಭಾಗ ಹೆಂಗಸರೂ ಅದನ್ನೇ ಹೊತ್ತು ತಿರುಗುತ್ತಾರೆ. ಫೋನು ಅದೇ ಹೆಸರಿನ ಟೈಲರ್ ಅಮ್ಮನಿಗೆ ಹತ್ತಿತು. ಮಗನೇ ಎತ್ತಿದನೆಂದು ತಿಳಿದು ಅತ್ತೆ, ‘ಎಷ್ಟು ದಿನಾ ಆತು, ನಾಚಿಕಿ ಬರಂಗಿಲ್ಲೇನು? ಮೊದಲು ಮನಿಗೆ ಬಾ!’ ಎಂದು ಗುಡುಗಿದರು. ಯುಗಾದಿಯಿಂದ ಹೊಲಿಯದೇ ಇಟ್ಟುಕೊಂಡಿದ್ದ ನನ್ನ ಜಂಪರನ್ನು ಆ ತಾಯಿ ಸಂಜೆಯೊಳಗೆ ಹೊಲಿದು ಓಡಿ ಬಂದಳು. ಅತ್ತೆಗೆ ಇವತ್ತಿಗೂ ಆಕೆ ಯಾಕೆ ಅಷ್ಟು ಹೆದರಿದಳೆಂದು ಗೊತ್ತಿಲ್ಲ.

ಕೊನೆಗೆ ನನಗೆ ಒಡಪು ನೆನಪಾಯಿತು. ಬರಿ ಬಾಯಲ್ಲಿ ಹೇಳಬಾರದ ಹೆಸರನ್ನು ಮದುವೆಮನೆಯಲ್ಲಿ ಎರಡು ಸಾಲಿನ ಪದದೊಳಗೆ ಹುದುಗಿಸಿ ಎಲ್ಲರೆದುರು ಹೇಳಿದರೆ ದೋಷವಿಲ್ಲವಲ್ಲ! ಮದುವೆಯ ದಿನ ನಿಮ್ಮ ಅಕ್ಕಂದಿರು ಹೊಸ್ತಿಲಲ್ಲಿ ಅಡ್ಡ ನಿಂತು ಪೀಡಿಸಿದರೂ ನಾನು ಬಾಯಿ ಬಿಡದೆ ತಪ್ಪಿಸಿಕೊಂಡಿದ್ದೆ. ಆ ಬಾಕಿ ಈಗ ತೀರಿಸೋಣವೆಂದು ಅತ್ತೆ ಮಲಗಿದ್ದ ಮಧ್ಯಾಹ್ನ ಹಿತ್ತಿಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ತಲೆಗೆ ಸೆರಗು ಹೊದ್ದು, ಕಿವಿಯ ಗುಂಡಿ ಒತ್ತಿ ಹೇಳಿದೆ:

ಗುಡ್ಡದ ಮ್ಯಾಲಿನ ಗಾಳಿಯಂತ್ರ, ಕಿವಿಯಾಗಿನ ನೀಲಿ ದೀಪ,
(ಇಲ್ಲಿ ನಿಮ್ಮ ಹೆಸರು) ಮನಿಗೆ ಬಂದ್ರ ನನಗ್ಯಾತರ ಕೋಪ?

ಯಂತ್ರ ದಿಕ್ಕುತೋಚದೆ ಎರಡು ಸಲ ಮಿಣುಕಿತು. ಒಡಪು ಕೇಳಿದ್ದು ಅದಕ್ಕೂ ಮೊದಲ ಸಲ. ಆಮೇಲೆ ಗಂಟೆ ಬಾರಿಸಿತು, ಯಾರೋ ಎತ್ತಿದರು. ‘ಹಲೋ’ ಎನ್ನಲು ಬಿಟ್ಟರೆ ನನ್ನ ಧೈರ್ಯ ಓಡಿಹೋದೀತೆಂದು ಒಂದೇ ಉಸಿರಿನಲ್ಲಿ ಶುರು ಮಾಡಿದೆ. ಅಂಗಡಿಯ ಬೀಗಕ್ಕೆ ವಾರವಾರ ಎಣ್ಣೆ ಬಿಡುವುದು, ನಿಮ್ಮ ಪಾಲಿನ ರೊಟ್ಟಿ ಮರೆತು ಬಡಿದು ಆಡಿಗೆ ಹಾಕುವುದು, ಬಾಗಿಲ ದೀಪ ಹೊತ್ತಿದಾಗಲೆಲ್ಲ ಆಡೆಂದು ಗೊತ್ತಿದ್ದೂ ನಾನೇ ಮೊದಲು ಎದ್ದು ಹೋಗುವುದು. ಇನ್ನೂ ಕೆಲವು ಹೇಳಿದೆ, ಅವನ್ನು ಕಾಗದದಲ್ಲಿ ಬರೆಯಲಾರೆ. ಅತ್ತ ಕಡೆಯಿಂದ ಮೂಗು ಸೇದಿದ ಸದ್ದು. ಆಮೇಲೆ ಒಂದು ದನಿ: ‘ತಂಗೆಮ್ಮಾ, ಎಲ್ಲಾ ಕೇಳಿದೆ, ಕರುಳು ಚುರ್ ಅಂತು. ನಾನು ಗ್ಯಾಸಿನಂವ. ಸಿಲಿಂಡರ್ ನಾಳೆನ ಕಳಿಸ್ತೀನಿ.’

ಯಂತ್ರ ಅರ್ಧವನ್ನೇ ಹಿಡಿದಿತ್ತು, ಆ ಅಣ್ಣನೂ ನಿಮ್ಮ ಅರ್ಧ ಹೆಸರಿನವನೇ! ತಿಂಗಳುಗಟ್ಟಲೆ ಕಾಯಿಸುವವನು ನಾವು ಬುಕ್ಕೇ ಮಾಡದ ಸಿಲಿಂಡರನ್ನು ಮರುದಿನ ಬೆಳಿಗ್ಗೆಯೇ ಕಳಿಸಿದ. ಇಳಿಸಲು ಬಂದವನು, ‘ಅಣ್ಣಾರು ಅಮಾಸಿಗೆ ಬರ್ತಾರಂತೇನ್ರಿ?’ ಎಂದು ಕೇಳಿದ. ಮಧ್ಯಾಹ್ನ ಎರ್ರೆಮ್ಮ ಕೇಳಿದಳು. ಸಂಜೆ ಟೈಲರ್ ಅಮ್ಮ ಕೇಳಿದಳು. ನೀವು ಸಹಿ ಹಾಕುತ್ತೀರೋ ಇಲ್ಲವೋ ಎಂಬುದು ಈಗ ನಮ್ಮಿಬ್ಬರ ವಿಷಯವಾಗಿ ಉಳಿದಿಲ್ಲ. ಕೊಟ್ಟೂರಿಗೆ ಕೊಟ್ಟೂರೇ ಬಾಗಿಲಿಗೆ ಬಂದು ಕೇಳುತ್ತದೆ, ಬಂದವರಿಗೆಲ್ಲ ದೀಪ ಹೊತ್ತುತ್ತದೆ, ನಾನು ಚೆಂಬು ಹಿಡಿದು ಓಡುತ್ತೇನೆ.

ಅತ್ತೆಯ ಆಶೀರ್ವಾದ, ಬೈಗುಳ ಎರಡನ್ನೂ ಸಮನಾಗಿ ತಿಳಿಸಲು ಹೇಳಿದ್ದಾರೆ. ಚಿನ್ನಿಯ ಮುತ್ತು. ಗಾಳಿಯಲ್ಲಿ ತಲೆ ಬಿಟ್ಟುಕೊಂಡು ನಿಲ್ಲಬೇಡಿ.

ನಿಮ್ಮ
ಶಾಂಭವಿ
(ನನ್ನ ಹೆಸರು ಬರೆಯಲು ನನಗೇನೂ ಸಂಕೋಚವಿಲ್ಲ ನೋಡಿ.)

ತಾ.ಕ.: ಲಕೋಟೆ ಅಂಟಿಸಲು ಹೋದರೆ ಹೊಸ ತೊಡಕು, ಅದರ ಮೇಲೆ ಹೆಸರು ಬೇಕಲ್ಲ! ಯಾವಾಗಲೂ ಬರೆದುಕೊಡುವ ಎರ್ರೆಮ್ಮನ ಅಳಿಯ ಊರಲ್ಲಿಲ್ಲ, ಚಿನ್ನಿ ಶಾಲೆಯಿಂದ ಬಂದಿಲ್ಲ, ಟಪಾಲು ಎತ್ತುವ ಹೊತ್ತಾಗಿದೆ. ಅತ್ತೆಗೆ ಅಕ್ಷರ ಬಾರದು. ಅವರು ನನ್ನ ಮುಖ ನೋಡಿ, ‘ಬರದು ಬಿಡು, ನಾ ಆ ಕಡಿ ತಿರುಗಿ ಕುಂದ್ರತೀನಿ’ ಎಂದು ಗೋಡೆಗೆ ಮುಖ ಮಾಡಿ ಕೂತರು. ಬರೆದೆ. ಪೂರ್ತಿ ಬರೆದೆ. ಒಂದು ಒತ್ತಕ್ಷರ ಸೊಟ್ಟಗಾಗಿದೆ. ಕಾಗದ ತೆಗೆಯುವ ಅವಸರದಲ್ಲಿ ಲಕೋಟೆಯನ್ನು ಎಲ್ಲಿ ಬಿಸಾಡಿದಿರೋ, ಗಾಳಿ ಹೊತ್ತುಕೊಂಡು ಹೋಗುವ ಮೊದಲು ಹುಡುಕಿ ನೋಡಿ. ಬಾಯಿಂದ ಹೇಳಿದ್ದಕ್ಕೆ ಗ್ಯಾಸಿನ ಅಣ್ಣ ಸಾಕ್ಷಿ, ಕೈಯಾರೆ ಬರೆದದ್ದಕ್ಕೆ ಲಕೋಟೆ ಸಾಕ್ಷಿ. ಉಳಿದದ್ದು ಒಂದೇ ಮಾತು, ಅದನ್ನೂ ಹೇಳಿಬಿಡುತ್ತೇನೆ. ಬರ್ರಿ.